ಬೆಳಗಂಟಿಯ ಹಾಜರಿ ಗುಡ್ಡ

ಬೆಳಗಂಟಿಯಿಂದ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ, ಕೊನೆಯ ಮಗ್ಗದ ಸಪ್ಪಳ ಹಿಂದುಳಿದ ಮೇಲೆ, ಎಡಕ್ಕೆ ಒಂದು ಬೋಳು ಗುಡ್ಡ ಕಾಣುತ್ತದೆ. ಎತ್ತರವೇನೂ ಇಲ್ಲ. ಕೆಂಪು ಗೊರಚು ಮಣ್ಣು, ಅಲ್ಲಲ್ಲಿ ಕಳ್ಳಿ, ನೆತ್ತಿಯ ಮೇಲೆ ಪಂಚಾಯಿತಿಯವರು ಕಟ್ಟಿಸಿದ ನೀರಿನ ಟಾಕಿ. ಊರವರು ಇದನ್ನು ಹಾಜರಿ ಗುಡ್ಡ ಎನ್ನುತ್ತಾರೆ. ಯಾವ ಕಾಲದಲ್ಲೋ ಇಲ್ಲಿ ದಂಡು ಬೀಡುಬಿಟ್ಟಿತ್ತು, ಸಿಪಾಯಿಗಳ ಹಾಜರಿ ತೆಗೆಯುತ್ತಿದ್ದರು ಎಂದು ಹೊಸಬರು ಹೇಳುವುದುಂಟು. ಅದು ನಿಜವಲ್ಲ. ಇಲ್ಲಿ ಹಾಜರಿ ಕರೆದವರು ಒಬ್ಬ ಶಿಕ್ಷಕಿ, ಶಾಲೆಯ ಅಕ್ಕೋರು.

ಹಿಂದೆ ಒಮ್ಮೆ, ಈ ಸೀಮೆಗೆ ಪ್ಲೇಗು ಕಾಲಿಡುವ ಕೆಲವು ವರ್ಷ ಮೊದಲು, ಮಿಶನ್ನಿನವರು ಬೆಳಗಂಟಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದು, ಎಸ್ತೇರವ್ವ ಎಂಬ ಕ್ರೈಸ್ತ ವಿಧವೆಯನ್ನು ಅಲ್ಲಿಗೆ ಕಳಿಸಿದರು. ಜಾತಿ ಕೆಡಿಸಲು ಬಂದವಳೆಂದು ನೇಕಾರರ ಓಣಿಯವರು ಬಾಗಿಲು ಹಾಕಿಕೊಂಡರು. ಎಸ್ತೇರವ್ವ ಬೇಸರಿಸಲಿಲ್ಲ. ಹುಣ್ಣಾದವರ ಕಾಲು ತೊಳೆದರು, ಹೆರಿಗೆಯಾಗದೆ ಒದ್ದಾಡುವವರ ಪಕ್ಕದಲ್ಲಿ ಬೆಳತನಕ ಕುಳಿತರು. ಹೆತ್ತವರ ಮನಸ್ಸು ಮೆತ್ತಗಾಯಿತು, ಹುಡುಗಿಯರು ಒಬ್ಬೊಬ್ಬರಾಗಿ ಪಾಟಿ ಹಿಡಿದು ಬಂದರು. ಊರವರು ಅವರ ಹೆಸರನ್ನು ಬಿಟ್ಟು ಬರೀ ಅಕ್ಕೋರು ಎಂದು ಕರೆಯತೊಡಗಿದ್ದು ಆಗಿನಿಂದ. ಪಾಠದಲ್ಲಿ ತಪ್ಪಿದರೆ ಅವರು ನಕ್ಕು ಬಿಡುತ್ತಿದ್ದರು. ಆದರೆ ಹಾಜರಿ ಕರೆಯುವಾಗ ಬಾರದ ಗೆಳತಿಯ ಬದಲು ಮತ್ತೊಬ್ಬಳು ಓಗೊಟ್ಟರೆ ಕ್ಷಮಿಸುತ್ತಿರಲಿಲ್ಲ.

ಪ್ಲೇಗು ಬಂದಾಗ ಸರ್ಕಾರದ ಜನ ಗುಡ್ಡದ ಮೇಲೆ ತಟ್ಟಿಯ ಗುಡಿಸಲು ಹಾಕಿಸಿದರು. ಮೈಮೇಲೆ ಪ್ಲೇಗಿನ ಗಂಟು ಎದ್ದವರನ್ನು ಮನೆಮನೆಯಿಂದ ಎಳೆದು ತಂದು ಅಲ್ಲಿಗೆ ಸಾಗಿಸಿದರು. ಸುತ್ತಲೂ ಮುಳ್ಳುಬೇಲಿ, ಬುಡದಲ್ಲಿ ಕಾವಲು. ಮೇಲೆ ಹೋದವರು ಇಳಿಯುವಂತಿರಲಿಲ್ಲ, ಕೆಳಗಿನವರು ಹತ್ತುವಂತಿರಲಿಲ್ಲ. ಶಾಲೆ ಮುಚ್ಚಿದೆ, ನೀವು ಗಾಡಿ ಹತ್ತಿ ಪಟ್ಟಣಕ್ಕೆ ಬಂದುಬಿಡಿ ಎಂದು ಪಾದ್ರಿಗಳು ಕರೆದರು.

“ಮಕ್ಕಳು ಗುಡ್ಡದ ಮ್ಯಾಲ ಅದಾವ್ರಿ ಅಯ್ಯಾರ, ಸಾಲಿ ಮುಚ್ಚೇತಿ ಅಂತ ಹೆಂಗ ಹೇಳ್ಲಿ?” ಎಂದು ಎಸ್ತೇರವ್ವ, ಮತ್ತೆ ಇಳಿಯುವುದಿಲ್ಲವೆಂದು ಕಾವಲಿನವರನ್ನು ಒಪ್ಪಿಸಿ, ಬೇಲಿ ದಾಟಿ ಮೇಲೆ ಹೋದರು.

ಬೇಲಿಯ ಹೊರಗೆ ಹೊಲದಲ್ಲಿ ಕುಳಿತ ಬಂಧುಗಳಿಗೆ ತಮ್ಮವರು ಇದ್ದಾರೋ ಸತ್ತರೋ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಅಕ್ಕೋರು ದಿನವೂ ಹೊತ್ತು ಮುಳುಗುವಾಗ ಗುಡ್ಡದ ಅಂಚಿಗೆ ಬಂದು ನಿಂತು ಎಲ್ಲರ ಹೆಸರು ಕೂಗುತ್ತಿದ್ದರು. ಶಕ್ತಿಯಿದ್ದವರು ಗುಡಿಸಲಿನಿಂದಲೇ “ಅದೀನ್ರಿ” ಎನ್ನುತ್ತಿದ್ದರು. ದನಿ ಏಳದವರ ಪರವಾಗಿ “ಉಸಿರೈತಿ” ಎಂದು ಅಕ್ಕೋರೇ ಹೇಳುತ್ತಿದ್ದರು. ತೀರಿಕೊಂಡವರ ಹೆಸರು ಕೂಗಿ ತಲೆಯ ಮೇಲಿನ ಸೆರಗನ್ನು ಕೆಳಗಿಳಿಸುತ್ತಿದ್ದರು. ಕೆಳಗೆ ಯಾವುದೋ ಒಂದು ಗುಂಪಿನಿಂದ ಅಳು ಏಳುತ್ತಿತ್ತು.

ಹಾಗೆ ಬಂದು ಕೂರುತ್ತಿದ್ದವರಲ್ಲಿ ನಿಂಬೆವ್ವ ಎಂಬ ನೇಕಾರ ಹೆಂಗಸೂ ಒಬ್ಬಳು. ಗಂಡನೂ ದೊಡ್ಡ ಮಗನೂ ಆಗಲೇ ಹೋಗಿದ್ದರು. ಉಳಿದವಳು ಮಗಳು ಕಾಶಿ, ಅಕ್ಕೋರ ಶಾಲೆಯ ಹುಡುಗಿ, ಗುಡ್ಡದ ಮೇಲಿದ್ದಳು. ಅವಳ ದನಿ ಕೇಳಿದ ಮೇಲೆಯೇ ನಿಂಬೆವ್ವ ಒಂದು ಗುಟುಕು ಗಂಜಿ ಕುಡಿಯುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ಕಾವಲಿನವರು ಅಕ್ಕೋರಿಗೆ ಹೇಳಿದ್ದರು. ಒಂದು ಮಧ್ಯಾಹ್ನ ಕಾಶಿ ತೀರಿಕೊಂಡಳು. ಆ ಸಂಜೆ ಅವಳ ಹೆಸರು ಕೂಗಿದ ಎಸ್ತೇರವ್ವ, ತಾಯಿ ಕತ್ತೆತ್ತಿ ನೋಡುತ್ತಿರುವುದನ್ನು ಕಂಡು ಸೆರಗಿಗೆ ಕೈಹಾಕಲಾರದೆ ಹೋದರು. ರೋಗದಿಂದ ಚೇತರಿಸಿಕೊಳ್ಳುತ್ತಿದ್ದ ದುಂಡವ್ವ ಎಂಬ ಹುಡುಗಿ ಪಕ್ಕದಲ್ಲಿದ್ದಳು. ಅಕ್ಕೋರು ಅವಳ ಭುಜವನ್ನು ಮೆಲ್ಲಗೆ ಒತ್ತಿದರು. “ಅದೀನ್ರಿ” ಎಂದಳು ದುಂಡವ್ವ.

ನಿಂಬೆವ್ವ ಎದ್ದು ನಿಂತಳು. ಕಾವಲಿನವರನ್ನು ನೂಕಿ, ಮುಳ್ಳಿನಲ್ಲಿ ಮೈ ಹರಿದುಕೊಂಡು ಗುಡ್ಡ ಹತ್ತಿ ಬಂದಳು.

“ಅದು ನನ್ನ ಕಾಶಿ ದನಿ ಅಲ್ರಿ ಅಕ್ಕೋರ. ಎಲ್ಲಿಟ್ಟೀರಿ ಅಕೀನ್ನ?”

ಎಸ್ತೇರವ್ವ ಅವಳನ್ನು ಗುಡಿಸಲಿಗೆ ಕರೆದೊಯ್ದರು. ಹುಡುಗಿಯ ಮೇಲೆ ಅಕ್ಕೋರ ಬಿಳಿ ಸೀರೆ ಹೊದಿಸಿತ್ತು. ತಾಯಿ ಸೀರೆ ಸರಿಸಿ, ಮಗಳ ಕೆದರಿದ ಕೂದಲನ್ನು ಬೆರಳಿನಿಂದ ಬಿಡಿಸಿ, ಬಿಗಿಯಾಗಿ ಹೆಣೆದಳು. ಜಡೆಯನ್ನು ಅವಳ ಎದೆಯ ಮೇಲಿಟ್ಟು ಹೇಳಿದಳು: “ಕೆಳಗ ಕುಂತೋರಿಗೆ ಖರೆ ಹೇಳೋರು ನೀವೊಬ್ರ ಇದ್ರಿ.”

ಮರುಸಂಜೆ ಎಸ್ತೇರವ್ವ ಯಾರ ಹೆಸರನ್ನೂ ಕೂಗುವ ಮೊದಲು ಸೆರಗನ್ನು ಇಳಿಸಿದರು. “ಕಾಶಿ ನಿನ್ನೆ ಮಧ್ಯಾಹ್ನನ ಹೋದಳು. ನಿಮಗ ಕೇಳಿಸಿದ್ದು ಸುಳ್ಳು. ಹೇಳಿಸಿದಾಕಿ ನಾನು” ಎಂದರು. ಕೆಳಗೆ ಗದ್ದಲವೆದ್ದಿತು. “ನಮ್ಮವರ ಹೆಸರಿಗೆ ಯಾರು ಓಗೊಟ್ಟಾರ? ಅವರೂ ಸತ್ತಾರೇನ?” ಎಂದು ಜನ ಬೇಲಿ ಕೀಳಲು ನುಗ್ಗಿದರು. ನುಗ್ಗಿ ಹತ್ತಿದ ಕೆಲವರು ಅದೇ ವಾರ ಗಂಟು ಎದ್ದು ತೀರಿಕೊಂಡರು. ಅವರ ಸಾವೂ ತಮ್ಮ ಕೊರಳಿಗೇ ಬಿತ್ತೆಂದು ಎಸ್ತೇರವ್ವ ನಂಬಿದರು. ಅಂದಿನಿಂದ ಬಾಯಿಮಾತಿನ ಹಾಜರಿ ಸಾಲದೆಂದು, ಏಳಲಾಗದ ಪ್ರತಿಯೊಬ್ಬರನ್ನೂ ಬೆನ್ನ ಮೇಲೆ ಹೊತ್ತು ಅಂಚಿಗೆ ತಂದು, ಕೆಳಗಿನವರಿಗೆ ಮುಖ ಕಾಣುವಂತೆ ಹಿಡಿದು ನಿಲ್ಲುತ್ತಿದ್ದರು. ಮೈಗೆ ಮೈ ತಾಗಿಸಬೇಡಿರೆಂದು ಸರ್ಕಾರದ ವೈದ್ಯರು ಬೈದರೂ ಕೇಳಲಿಲ್ಲ. ಇಳಿದು ಹೋಗುವಂತಿಲ್ಲದ ನಿಂಬೆವ್ವ ಮೊದಮೊದಲು ದೂರ ಕುಳಿತು ನೋಡುತ್ತಿದ್ದಳು. ಒಂದು ದಿನ ಅಕ್ಕೋರು ಭಾರಕ್ಕೆ ಮುಗ್ಗರಿಸಿದಾಗ ಎದ್ದು ಬಂದು ಹೆಗಲು ಕೊಟ್ಟಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಕ್ಷಮಿಸೆಂದು ಇವರೂ ಕೇಳಲಿಲ್ಲ ಎನ್ನುತ್ತಾರೆ.

ಕೊನೆಗೆ ಅಕ್ಕೋರ ಕಂಕುಳಲ್ಲೂ ಗಂಟು ಎದ್ದಿತು. ಅವರು ಕಣ್ಣು ಮುಚ್ಚಿದ ಸಂಜೆ, ಓದು ಬಾರದ ನಿಂಬೆವ್ವ ಅಂಚಿಗೆ ಬಂದು, ನೆನಪಿನಿಂದಲೇ ಎಲ್ಲರ ಹೆಸರು ಕೂಗಿದಳು. “ಎಸ್ತೇರವ್ವ ಅಕ್ಕೋರು” ಎಂದು ಕೂಗಿ ಸೆರಗು ಇಳಿಸಿದಾಗ ಹೊಲದಲ್ಲಿ ಕುಳಿತವರೆಲ್ಲ ಎದ್ದು ನಿಂತರಂತೆ. ಮಳೆಗಾಲ ಬಂದು ರೋಗ ಇಳಿಯುವ ಮೊದಲೇ ನಿಂಬೆವ್ವನೂ ಹೋದಳು. ಬದುಕಿ ಇಳಿದ ಕೆಲವರಲ್ಲಿ ದುಂಡವ್ವ ಒಬ್ಬಳು. ಇದನ್ನೆಲ್ಲ ಹೇಳಿದವಳು ಅವಳೇ.

ಟಾಕಿಯ ಹಿಂದೆ, ಇಳಿಜಾರಿನಲ್ಲಿ, ಗುಂಡುಕಲ್ಲುಗಳ ಸಾಲುಗಳು ಇಂದಿಗೂ ಇವೆ. ಎಲ್ಲವೂ ಒಂದೇ ಗಾತ್ರದವು, ಯಾವುದರ ಮೇಲೂ ಅಕ್ಷರವಿಲ್ಲ. ಹಲವು ವರ್ಷಗಳ ಮೇಲೆ ಮಿಶನ್ನಿನ ಸಭೆಯವರು ಎಸ್ತೇರವ್ವನ ಹೆಸರು ಕೆತ್ತಿಸಿದ ಕಲ್ಲೊಂದನ್ನು ಗಾಡಿಯಲ್ಲಿ ತಂದರು. ಸಮಾಧಿ ಯಾವುದೆಂದು ತೋರಿಸಲು ದುಂಡವ್ವನನ್ನು ಕರೆಸಿದರು. ಅವಳು ಸಾಲುಗಳ ನಡುವೆ ಅತ್ತಿತ್ತ ನಡೆದು, ನಿಂತು, ಗೊತ್ತಾಗಲಿಲ್ಲವೆಂದು ತಲೆಯಾಡಿಸಿದಳು. ಆ ಕಲ್ಲನ್ನು ಗುಡ್ಡದಲ್ಲಿದ್ದ ಒಂದೇ ಒಂದು ಬೇವಿನ ಮರಕ್ಕೆ ಒರಗಿಸಿ ಹೋದರು. ಇನ್ನೂ ಹಾಗೆಯೇ ಇದೆ. ಮರ ದಪ್ಪವಾಗುತ್ತ ಅದರ ಒಂದು ಅಂಚನ್ನು ನುಂಗಿಕೊಂಡಿದೆ.