ಹೆಸರಿನ ಬೆನ್ನಿಗೆ ಹಾಡು

ತುಂಗಭದ್ರೆಯ ದಂಡೆಗೆ ನಿರುಪಾದಿ ಅಜ್ಜನ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಒಂದು ಮರದ ಪೆಟ್ಟಿಗೆ.

ಪೆಟ್ಟಿಗೆಯಲ್ಲಿ ಅರವತ್ತೆರಡು ಸಿಡಿಗಳು. ಅಜ್ಜನ ಗುರು ಶಾಂತವ್ವ ಹಾಡಿದ್ದನ್ನೆಲ್ಲ ಒಬ್ಬ ಭಕ್ತ ಅವುಗಳಲ್ಲಿ ತುಂಬಿಸಿ ಕೊಟ್ಟಿದ್ದ. ಆ ತಾಯಿ ಹೋಗಿ ಇಪ್ಪತ್ತು ವರ್ಷ. ಭಕ್ತನೂ ಹೋದ. ಸಿಡಿಗಳು ಉಳಿದವು, ಬಿಸಿಲು ತಾಗದೆ, ಥಂಡಿ ತಾಗದೆ, ಒಂದೊಂದೂ ತನ್ನ ಡಬ್ಬಿಯಲ್ಲಿ ನೆಟ್ಟಗೆ ನಿಂತು. ಅಜ್ಜ ಒಂದನ್ನು ಎತ್ತಿಕೊಳ್ಳುವುದು ನೋಡಬೇಕು, ಹಸುಗೂಸಿನ ತಲೆ ಹಿಡಿದ ಹಾಗೆ, ಅಂಚಿಗಷ್ಟೇ ಬೆರಳು.

ಅರವತ್ತೊಂದಕ್ಕೆ ನಕಲು ಆಗಿತ್ತು. ಕಡೆಯ ಸಿಡಿಯನ್ನು ಮಾತ್ರ ಅಜ್ಜ ಪ್ಯಾಟೆಗೆ ಕಳಿಸಿರಲಿಲ್ಲ. ಶಾಂತವ್ವನ ಕಡೆಯ ಹಾಡು ಅದರಲ್ಲಿತ್ತು. ಕೈಬಿಡಲು ಮನಸ್ಸಾಗಿರಲಿಲ್ಲ.

ಕಿರಿಯ ಶಿಷ್ಯ ಜಟ್ಟೆಪ್ಪ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಹತ್ತಾರು ಊರು ತಿರುಗಿ, ಎಲ್ಲಿಯೂ ನಿಲ್ಲದೆ, ಸಿಡಿಯಲ್ಲಿ ಶಾಂತವ್ವನ ದನಿ ಕೇಳಿ ಇಲ್ಲಿ ನಿಂತಿದ್ದ. ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ತಾನೇ ಕೇಳಿ ಪಡೆದಿದ್ದ.

ಮಹಾನವಮಿಗೆ ಸಿಡಿಗಳನ್ನೆಲ್ಲ ಚಾಪೆಯ ಮೇಲೆ ಹಾಸಿದ. ಹೊಳೆಯುವ ಬದಿ ಕೆಳಗೆ, ಹೆಸರಿನ ಬದಿ ಮೇಲೆ. ಹಸಿ ಗಂಧ ಹಚ್ಚಿದ, ಕುಂಕುಮ ಇಟ್ಟ. ಮರುದಿನ ಒಂದೊಂದನ್ನೂ ಒಂದೇ ಬಟ್ಟೆಯಿಂದ ಎರಡೂ ಬದಿ ಒರೆಸಿದ, ನಡುವಿನ ತೂತಿನ ಸುತ್ತ, ಪ್ರದಕ್ಷಿಣೆ ಹಾಕಿದ ಹಾಗೆ.

ಸಂಜೆ ಕಡೆಯ ಸಿಡಿಯನ್ನು ಪ್ಲೇಯರಿಗೆ ಹಚ್ಚಿದರು. ಶಾಂತವ್ವ ಹಾಡಿದಳು. ನಡುವೆ ಒಂದು ಕಡೆ ನಿಂತುಬಿಟ್ಟಳು.

"ಬಾ... ಬಾ... ಬಾ... ಬಾ..."

ಜಟ್ಟೆಪ್ಪನ ಮುಖ ಬಿಳಚಿತು.

ಹಿರಿಯ ಶಿಷ್ಯ ಸಂಗನಬಸು ನಕ್ಕ. "ಹಣಿಗೆ ಹಚ್ಚೋದು ಸಾಲಲಿಲ್ಲೇನೋ? ಹಾಡಿಗೂ ಹಚ್ಚಿದೆಲ್ಲ!"

"ಅಜ್ಜಾರ, ಹೊಳಿಯೋ ಬಾಜೂಕ ಕುಂಕುಮ ಇಟ್ಟಿಲ್ರಿ. ಬರೇ ಹೆಸರಿನ ಮ್ಯಾಲ ಇಟ್ಟೀನ್ರಿ."

ಅಜ್ಜ ಸಿಡಿ ತೆಗೆದು ಅಂಗಳಕ್ಕೆ ಬಂದು ಇಳಿಬಿಸಿಲಿಗೆ ಹಿಡಿದ.

"ಏನ್ ಕಾಣತೈತಿ?"

"ಸಣ್ಣ ಸಣ್ಣ ಚುಕ್ಕಿರಿ. ಬೆಳಕು ಬರಾಕ ಹತ್ತೈತಿ. ಆಕಾಶದಾಗ ಚಿಕ್ಕಿ ಮೂಡಿದಂಗ ಐತ್ರಿ."

"ಬೆಳಕು ಬಂದಲ್ಲೆ ಹಾಡು ಇಲ್ಲ."

"ಹಾಡು ಎಲ್ಲಿ ಇರತೈತ್ರಿ ಹಂಗಾರ?"

"ಹೆಸರಿನ ಬೆನ್ನಿಗೆ. ಈ ಬಣ್ಣದ ಕೆಳಗ, ಉಳ್ಳಾಗಡ್ಡಿ ಸಿಪ್ಪಿಗಿಂತ ತೆಳ್ಳಗ. ಹೊಳಿಯೋದು ಬರೇ ಕಿಟಕಿ."

"ನಾ ಕಿಟಕಿ ಕಾದು ಮನಿ ಕೆಡಿಸಿದೆ."

ಅಜ್ಜ ಮೆತ್ತನೆಯ ಬಟ್ಟೆ ತೊಯ್ಸಿ ಹಿಂಡಿದ. ಹೊಳೆಯುವ ಬದಿಯನ್ನು ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಿದ. ಮತ್ತೆ ನಡುವಿನಿಂದ ಅಂಚಿಗೆ. ಬಟ್ಟೆಗೆ ಕೆಂಪು ಹತ್ತಿತು.

"ಸುತ್ತು ಹಾಕಬಾರದೇನ್ರಿ?"

"ಹಾಡು ಸುತ್ತು ಹಾಕಿಕೋತ ಹೊಂಟಿರತೈತಿ. ದಾರಿಗೆ ಅಡ್ಡ ಗೀರು ಬಿದ್ರ ಜಿಗದು ಹೋಗತೈತಿ. ದಾರಿಗುಂಟ ಬಿದ್ರ?"

ಊರೂರು ತಿರುಗಿದವನಿಗೆ ಆ ಉತ್ತರ ಗೊತ್ತಿತ್ತು.

"ದಾರಿನ ಇರಂಗಿಲ್ರಿ."

ಮತ್ತೆ ಹಚ್ಚಿದರು. ಶಾಂತವ್ವ 'ಬಾ' ದಾಟಿ ಮುಂದೆ ಹೋದಳು. ಕಡೆಯ ಸಾಲಿನಲ್ಲಿ ಒಂದು ಮಾತು ಮಾತ್ರ ಕೇಳಲಿಲ್ಲ. ಅಲ್ಲಿ ಚುಕ್ಕಿ ಬಿದ್ದಿತ್ತು. ಅದು ಇನ್ನು ಬರುವಂಥದ್ದಲ್ಲ.

ಬೆಳಿಗ್ಗೆ ಜಟ್ಟೆಪ್ಪ ಚೀಲ ಹೆಗಲಿಗೇರಿಸಿ ಅಜ್ಜನ ಕಾಲಿಗೆ ಬಿದ್ದ. "ಹೋಗತೀನ್ರಿ ಅಜ್ಜಾರ."

"ಹೋಗು. ಬಸ್ಸು ಎಂಟಕ್ಕೈತಿ."

ಜಟ್ಟೆಪ್ಪನ ಕಣ್ಣು ತುಂಬಿತು. ಅಜ್ಜ ಪೆಟ್ಟಿಗೆ ತೆರೆದ. ಕಡೆಯ ಸಿಡಿಯನ್ನು ಡಬ್ಬಿಯ ಸಮೇತ ಅವನ ಕೈಗಿಟ್ಟ.

"ಪ್ಯಾಟ್ಯಾಗ ಇದರ ನಕಲು ಮಾಡಿಸ್ಕೊಂಡು ಬಾ. ಇನ್ನೊಂದು ಚುಕ್ಕಿ ಮೂಡೋದರಾಗ."

"ನನ್ನ ಕೈಯಾಗ ಕೊಡತೀರೇನ್ರಿ?"

ಸಂಗನಬಸು ಓಡಿ ಬಂದ. "ಅಜ್ಜಾರ, ನಾ ಹೋಗತೀನ್ರಿ! ಹೆಂಗ ಹಿಡೀಬೇಕು, ಎಲ್ಲಿ ಮುಟ್ಟಬಾರದು, ನನಗೆಲ್ಲ ಗೊತ್ತೈತ್ರಿ."

ಅಜ್ಜ ಜಟ್ಟೆಪ್ಪನ ಕೈ ನೋಡಿದ. ಹತ್ತೂ ಬೆರಳು ಡಬ್ಬಿಯ ಅಂಚಿಗಷ್ಟೇ ತಾಗಿದ್ದವು.

"ಎಲ್ಲಿ ಮುಟ್ಟಬಾರದು ಅನ್ನೋದು ನಿನಗ ಗೊತ್ತು, ಸಂಗನಬಸು. ಅವಗ ಅದು ನೋವು."