ಸಾಹೇಬರ ಕುರ್ಚಿ

ದೊಡವಾಡ ಇಂಜಿನಿಯರ್ ಸಾಹೇಬರು ಊರಿಗೆ ಬಂದರೆ, ಪಂಚಾಯ್ತಿ ಚಾಕರಿಯ ಓಲೇಕಾರ ಫಕೀರಪ್ಪ ಅವರ ಹಿಂದೆ ಕುರ್ಚಿ ಹೊತ್ತು ನಡೆಯಬೇಕು. ತಮ್ಮ ಪೆನ್ನನ್ನೂ ತಾವು ಎತ್ತಿದವರಲ್ಲ ಅವರು.

ಅಂದು ಬಂದದ್ದು ಪಾಳುಬಿದ್ದ ಹತ್ತಿ ಗಿರಣಿ ಎಷ್ಟು ಗಟ್ಟಿ ಎಂದು ನೋಡಿ ಪಂಚನಾಮೆ ಬರೆಯಲು. ಫಕೀರಪ್ಪ ದಿನಾ ಓಡಿಸಿದರೂ ಶಾಲೆ ಮಕ್ಕಳು ಅದರ ಗೋಡೆಯ ಬುಡದಲ್ಲೇ ಗೋಲಿ ಆಡುತ್ತಿದ್ದರು. ಸಾಹೇಬರು ಜೀಪಿನಿಂದಲೇ ಇಣುಕಿ, "ಕಟ್ಟಡ ಗಟ್ಟಿ ಐತಿ ಅಂತ ಬರೀತೀನಿ. ಸಾಕ್ಷಿಗೆ ನೀ ಸಹಿ ಹಾಕು" ಎಂದರು.

"ಹಾಕ್ತೀನ್ರಿ. ಆದ್ರ ಪಂಚನಾಮೆ ಜಾಗದಾಗ ಕುಂತು ಬರೀಬೇಕಲ್ರಿ?"

ಫಕೀರಪ್ಪ ಗೋಡೆಯ ನೆರಳಿಗೇ ಕುರ್ಚಿ ಹಾಕಿದ. ಸಾಹೇಬರು ಇಳಿದು ಬಂದು ಕಾಗದ ಬಿಚ್ಚಿ ಕುಳಿತರು. ಫಕೀರಪ್ಪ ಮಾತ್ರ ದೂರದ ಬೇವಿನ ಮರದಡಿ ಹೋಗಿ ನಿಂತ.

"ಅಷ್ಟು ದೂರ ಯಾಕೋ?"

"ನೀವು ಓದಿದವ್ರು, ಗೋಡಿ ನಿಮ್ಮ ಮಾತು ಕೇಳತೈತ್ರಿ. ನಮ್ಮ ಮಾತು ಕೇಳಂಗಿಲ್ರಿ."

ಸಾಹೇಬರು ಕತ್ತೆತ್ತಿ ನೋಡಿದರು. ಬಿರುಕಿನಲ್ಲಿ ಬೆಳೆದಿದ್ದ ಅರಳಿ ಗಿಡ ಗಾಳಿಗೆ ತೂಗಿತು. ಹಿಡಿಯಷ್ಟು ಗಾರೆ ಕಾಗದದ ಮೇಲೆ ಉದುರಿತು. ಮರುಗಳಿಗೆ ಅವರು ಕುರ್ಚಿಯನ್ನೇ ತಲೆಯ ಮೇಲೆ ಹಿಡಿದುಕೊಂಡು ಬೇವಿನ ಮರಕ್ಕೆ ಓಡಿ ಬಂದರು.

"ಅಪಾಯ ಐತಿ, ಇವತ್ತ ಕೆಡವಬೇಕು ಅಂತ ಬರೀತೀನಿ" ಎಂದು ಏದುಸಿರು ಬಿಟ್ಟರು. "ಸಹಿ ಹಾಕಪ್ಪ."

ಫಕೀರಪ್ಪ ಅವರ ಹೆಗಲ ಧೂಳು ಮೆಲ್ಲಗೆ ಕೊಡವಿದ.

"ಹಾಕ್ತೀನ್ರಿ. ಆದ್ರ ಸಾಹೇಬ್ರ ತಮ್ಮ ಕುರ್ಚಿ ತಾವ ಹೊತ್ತಾರ ಅಂದಮ್ಯಾಲೆ, ಬ್ಯಾರೆ ಸಾಕ್ಷಿ ಯಾಕ ಬೇಕ್ರಿ?"