ವಿಠೋಬ ಮಾಸ್ಟರರ ಕತ್ತರಿ

"ನನ್ನ ಮಗಳು ಇಲ್ಲಿ ಬರೀ ಮಣಿ ಪೋಣಿಸ್ತಾಳೆ. ನಾಳೆಯೊಳಗೆ ಹೆಸರು ಬರೆಯೋದು ಕಲಿಸದಿದ್ರೆ ಬಿಡಿಸ್ಕೊಂಡು ಹೋಗ್ತೀನಿ!" ಟೈಲರ್ ವಿಠೋಬ ಮಾಸ್ಟರ್ ಅಂಗನವಾಡಿಯಲ್ಲಿ ಗುಡುಗಿದರು. ಮಗಳು ರುಕ್ಮಿಣಿಗೆ ಇನ್ನೂ ನಾಲ್ಕು ವರ್ಷ.

ಸಹಾಯಕಿ ದ್ಯಾಮಕ್ಕ ಮರುದಿನ ಅವರ ಅಂಗಡಿಗೇ ಹೋಗಿ, ಮದುಮಗನ ಕೋಟಿನ ಬಟ್ಟೆ ಕತ್ತರಿಸಲು ಕತ್ತರಿ ಎತ್ತಿಕೊಂಡಳು.

"ಅಯ್ಯಯ್ಯೋ, ಏನಮ್ಮಾ ಇದು?"

"ಹೊಲಿಗೆ ಕಲಿಯೋಕೆ ಬಂದೆ ಮಾಸ್ಟ್ರೇ. ಇವತ್ತೇ ಒಂದು ಕೋಟು ಹೊಲಿದುಬಿಡ್ತೀನಿ."

"ಮೊದಲು ಆರು ತಿಂಗಳು ಗುಂಡಿ ಹಚ್ಚಬೇಕು, ಗುಂಡಿ ತೂರಿಸೋ ಕಾಜಾ ಹೊಲೀಬೇಕು. ಬೆರಳು ಪಳಗದೆ ಕತ್ತರಿ ಮುಟ್ಟಂಗಿಲ್ಲ!"

"ರುಕ್ಮಿಣಿ ಬೆರಳೂ ಮಣಿ ಪೋಣಿಸಿ ಪಳಗ್ತಿದೆ ಮಾಸ್ಟ್ರೇ. ಬಳಪ ಆಮೇಲೆ."

ಮಾಸ್ಟರ್ ಕತ್ತರಿ ಕಿತ್ತುಕೊಂಡರು. ಆಮೇಲೆ ನಕ್ಕರು.

ಮಧ್ಯಾಹ್ನ ಹಳೇ ಗುಂಡಿಗಳ ಡಬ್ಬಿ ಹಿಡಿದು ಅಂಗನವಾಡಿಗೆ ಬಂದು, ಮಗಳ ಪಕ್ಕ ಚಾಪೆಯ ಮೇಲೆ ಕೂತು ತಾವೂ ಪೋಣಿಸಿದರು.

"ಅಪ್ಪಾ, ದೊಡ್ಡದಾದ ಮೇಲೆ ಚಿಕ್ಕದು. ಬಿಚ್ಚು!" ಅಂದಳು ರುಕ್ಮಿಣಿ.

ಮಾಸ್ಟರ್ ಬಿಚ್ಚಿ, ಡಬ್ಬಿಯಲ್ಲಿ ಚಿಕ್ಕ ಗುಂಡಿ ಹುಡುಕಿದರು.